ಫಾರಮಿನೊಳಗಿನ ಗಂಡ

ಏಪ್ರಿಲ್ ೧೨

ಭಾವನವರಿಗೆ,

ಇದನ್ನು ಅಕ್ಕನಿಗೆ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನು ಕಿವಿಗಿಟ್ಟರೆ ನನಗೆ ಮಾತು ಹೊರಡುವುದಿಲ್ಲ, ಅದು ನಿಮಗೇ ಗೊತ್ತು. ನನಗೆ ‘ಮೂಗಿ’ ಎಂದು ಹೆಸರಿಟ್ಟವರೇ ನೀವು. ಕಾಗದದಲ್ಲಾದರೆ ತಡೆದು ತಡೆದು ಬರೆಯಬಹುದು. ನಡುವೆ ಯಾರೂ ನಗುವುದಿಲ್ಲ.

ನಿಮ್ಮನ್ನು ಕೇಳದೆ ಒಂದು ಕೆಲಸ ಮಾಡಿದೆ. ಕಳೆದ ವರ್ಷದಿಂದ ಆಸ್ಪತ್ರೆಯವರು ನನ್ನ ಸಂಬಳದಲ್ಲಿ ತೆರಿಗೆ ಹಿಡಿಯುತ್ತಿದ್ದಾರೆ. ವರ್ಷ ಮುಗಿದ ಮೇಲೆ ಫಾರಂ ತುಂಬಿ ಕಳಿಸಿದರೆ ಹೆಚ್ಚಿಗೆ ಹಿಡಿದದ್ದು ವಾಪಸ್ ಬರುತ್ತದೆ ಎಂದು ನಮ್ಮ ಅಚ್ಚಿನಜ್ಜ ಹೇಳಿದರು. ನಮ್ಮ ಹಲ್ಲಿನ ವಿಭಾಗದಲ್ಲಿ ಅವರೇ ಎಲ್ಲರಿಗಿಂತ ಹಿರಿಯರು. ರೋಗಿಯ ಬಾಯಿಯ ಅಳತೆಗೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆಯುತ್ತಾರೆ. ಆ ಅಚ್ಚಿನ ಮೇಲೆ ನಾನು ಮೇಣ ಕೂರಿಸಿ ಹಲ್ಲು ಜೋಡಿಸುತ್ತೇನೆ, ಆಮೇಲೆ ಉಜ್ಜಿ ಹೊಳಪು ಕೊಡುತ್ತೇನೆ. ಮಧ್ಯಾಹ್ನದ ಬಿಡುವಿನಲ್ಲಿ ಅವರ ಎದುರು ಕುಳಿತು ನಾನೇ ಫಾರಂ ತುಂಬಿದೆ. ನಿಮಗೆ ಹೇಳಲು ನಾಚಿಕೆಯಾಯಿತು. ಊರಿಗೆಲ್ಲ ‘ಫಾರಂ ಮೇಷ್ಟ್ರು’ ಆಗಿರುವವರು ಮನೆಯಲ್ಲೇ ಇರುವಾಗ ನಾಲ್ಕನೇ ತರಗತಿಯವಳು ತಾನೇ ತುಂಬುತ್ತೇನೆಂದರೆ ನೀವು ಏನೆಂದುಕೊಳ್ಳುತ್ತಿದ್ದಿರೋ. ನಾನು ಕೆಲಸಕ್ಕೆ ಸೇರುವಾಗ ತೆರಿಗೆ ನಂಬರ್ ಮಾಡಿಸಿಕೊಟ್ಟವರು ನೀವೇ ಅಲ್ಲವೇ.

ನಿನ್ನೆ ಆ ಫಾರಂ ತಿರುಗಿ ಬಂತು. ಜೊತೆಗೊಂದು ಚೀಟಿ. ‘ಈ ನಂಬರಿನ ಮೇಲೆ ಕಳೆದ ವರ್ಷದ ಫಾರಂ ಫೆಬ್ರವರಿಯಲ್ಲಿಯೇ ಬಂದಿದೆ. ಮರುಪಾವತಿಯೂ ಆಗಿದೆ. ಎರಡನೆಯ ಸಲ ಕೇಳಿದ್ದಕ್ಕೆ ಕಾರಣ ತಿಳಿಸಿ.’

ಯಾರೋ ನನ್ನ ಹೆಸರು ಹೇಳಿಕೊಂಡು ನನ್ನದನ್ನು ತೆಗೆದುಕೊಂಡು ಹೋಗಿದ್ದಾರೆ. ನನ್ನ ಹೆಸರು ಕೂಗಿದರೆ ಎದ್ದು ನಿಲ್ಲಲು ನಾನೇ ಹಿಂಜರಿಯುತ್ತೇನೆ. ಇವರು ಯಾರೋ ಹಿಂಜರಿಯದೆ ಎದ್ದು ನಿಂತಿದ್ದಾರೆ.

ಹೋದ ದುಡ್ಡಿಗಿಂತ ದೊಡ್ಡ ತೊಂದರೆ ಇದೆ. ಜೂನ್ ಕೊನೆಗೆ ನನ್ನನ್ನು ಕಾಯಂ ಮಾಡುತ್ತಾರಂತೆ. ಅದಕ್ಕೆ ತೆರಿಗೆ ಕಚೇರಿಯಿಂದ ‘ಇವರ ಮೇಲೆ ಯಾವ ತಕರಾರೂ ಇಲ್ಲ’ ಎಂಬ ಪತ್ರ ತರಬೇಕು, ಜೂನ್ ಹದಿನೈದರೊಳಗೆ. ಈಗ ತಕರಾರು ಇರುವುದೇ ನನ್ನ ಮೇಲೆ. ಪತ್ರ ಸಿಗದಿದ್ದರೆ ಕಾಯಂ ಇರಲಿ, ಈಗಿರುವ ಕೆಲಸವೂ ಜೂನಿಗೆ ಮುಗಿಯುತ್ತದೆ. ಏನು ಮಾಡಲಿ ತಿಳಿಸಿ.

ನಿಮ್ಮ ಕಾಗದ ತಂದಾಗಲೆಲ್ಲ ಇಲ್ಲಿನ ಅಂಚೆಯವನು ನಗುತ್ತಾನೆ. ಯಾಕೆಂದು ಯಾವಾಗಲಾದರೂ ಬರೆಯುತ್ತೇನೆ. ಅಕ್ಕನಿಗೆ ಕೇಳಿದೆನೆಂದು ಹೇಳಿ.

ನಿಮ್ಮ ನಾದಿನಿ


ಏಪ್ರಿಲ್ 20

ಮೂಗಿಗೆ,

ನಿನ್ನ ಕಾಗದ ಓದಿದೆ. ಮೊದಲು ನಕ್ಕೆ, ಆಮೇಲೆ ಕೆಂಪು ಪೆನ್ನು ಹಿಡಿದು ತಿದ್ದಿದೆ. ಎಂದಿನಂತೆ ತಿದ್ದಿದ ಕಾಗದವನ್ನು ಇದರ ಜೊತೆ ವಾಪಸ್ ಇಟ್ಟಿದ್ದೇನೆ. ಒಟ್ಟು ಹದಿಮೂರು ತಪ್ಪು. ಕನ್ನಡ ಅಂಕಿ ಬರೆಯುವುದನ್ನು ಬಿಡು ಎಂದು ಎಷ್ಟು ಸಲ ಹೇಳಿಲ್ಲ? ಈಗ ಅದನ್ನು ಯಾರೂ ಓದುವುದಿಲ್ಲ.

ಫಾರಂ ತುಂಬುವುದೆಂದರೆ ಹಲ್ಲಿಗೆ ಪಾಲಿಶ್ ಹಾಕಿದ ಹಾಗೆ ಎಂದುಕೊಂಡೆಯಾ? ಇಪ್ಪತ್ತೆರಡು ವರ್ಷದಿಂದ ಜೆರಾಕ್ಸ್ ಅಂಗಡಿಯ ಮುಂದೆ ಮೇಜು ಹಾಕಿಕೊಂಡು ಕುಳಿತಿದ್ದೇನೆ. ಓದಿದವರು, ಕೋಟು ಹಾಕಿದವರು ನನ್ನ ಮುಂದೆ ಸಾಲು ನಿಲ್ಲುತ್ತಾರೆ. ನೀನು ಹೋಗಿ ಯಾವನೋ ಪ್ಲಾಸ್ಟರ್ ಮುದುಕನ ಮುಂದೆ ಕುಳಿತೆ. ಅನುಭವಿಸು.

ಹೆಸರು ಕದಿಯುವವರು ಈಗ ಬೀದಿಗೊಬ್ಬರಿದ್ದಾರೆ. ನಿನ್ನಂಥವರ ಹೆಸರೆಂದರೆ ಅವರಿಗೆ ಬಾಗಿಲಿಲ್ಲದ ಮನೆ. ಯಾರು ಕದ್ದರು ಎಂದು ನನ್ನನ್ನು ಕೇಳಿದರೆ ಒಂದೇ ಮಾತು: ನಿನಗೆ ಫಾರಂ ಹೇಳಿಕೊಟ್ಟವನು ಯಾರು? ನಿನ್ನ ನಂಬರ್ ಕಣ್ಣಾರೆ ನೋಡಿದವನು ಯಾರು? ಜೀವಮಾನವಿಡೀ ಬೇರೆಯವರ ಬಾಯಿಗೆ ಅಚ್ಚು ಹಾಕಿದವನಿಗೆ ಬೇರೆಯವರ ಹೆಸರಿಗೆ ಅಚ್ಚು ಹಾಕುವುದು ಕಷ್ಟವೇ? ಯೋಚಿಸು. ಯೋಚಿಸಲು ಬಂದರೆ.

ಒಂದು ವಿಷಯ ತಲೆಯಲ್ಲಿಟ್ಟುಕೋ. ಯಾವ ಕಾರಣಕ್ಕೂ ತೆರಿಗೆ ಕಚೇರಿಗೆ ಹೋಗಬೇಡ. ಕೌಂಟರಿನ ಮುಂದೆ ನಿಂತು ನೀನು ತೊದಲುವುದು, ಎರಡು ಫಾರಂ ಹಾಕಿದ ಕಳ್ಳಿ ನೀನೇ ಎಂದು ಅವರು ಹಿಡಿದುಕೊಳ್ಳುವುದು, ಆಮೇಲೆ ಬಿಡಿಸಿಕೊಂಡು ಬರಲು ನಾನು ಮೇಜು ಬಿಟ್ಟು ಓಡುವುದು, ಇದೆಲ್ಲ ಬೇಕಾಗಿಲ್ಲ. ಸುಮ್ಮನಿರು. ಅದೊಂದು ವಿದ್ಯೆಯಾದರೂ ನಿನಗೆ ಚೆನ್ನಾಗಿ ಬರುತ್ತದೆ.

ಅಕ್ಕ ಚೆನ್ನಾಗಿದ್ದಾಳೆ. ಅವಳಿಗೆ ಇದನ್ನೆಲ್ಲ ಹೇಳಿಲ್ಲ, ಹೇಳಿದರೂ ಅರ್ಥವಾಗುವುದಿಲ್ಲ.

ನಿನ್ನ ಭಾವ


ಏಪ್ರಿಲ್ ೨೯

ಭಾವನವರಿಗೆ,

ನೀವು ಬೇಡವೆಂದರೂ ಕಚೇರಿಗೆ ಹೋದೆ. ಬೈಯಬೇಡಿ. ಚೀಟಿಯ ಕೆಳಗೆ ‘ಹದಿನೈದು ದಿನದೊಳಗೆ ಖುದ್ದಾಗಿ ಬಂದು ಉತ್ತರಿಸಬೇಕು’ ಎಂದು ಸಣ್ಣ ಅಕ್ಷರದಲ್ಲಿತ್ತು. ಸಣ್ಣ ಅಕ್ಷರವೆಂದು ನೀವು ಓದಿರಲಿಕ್ಕಿಲ್ಲ ಎನ್ನೋಣವೆಂದರೆ, ಆ ಚೀಟಿಯನ್ನು ನಾನು ನಿಮಗೆ ಕಳಿಸಿಯೇ ಇರಲಿಲ್ಲ.

ಅಚ್ಚಿನಜ್ಜನ ಬಗ್ಗೆ ನೀವು ಬರೆದದ್ದನ್ನು ಎರಡು ದಿನ ಯೋಚಿಸಿದೆ. ಅವರು ನನ್ನ ಫಾರಂ ಮುಟ್ಟಲೂ ಇಲ್ಲ. ಕೈಗೆ ಪ್ಲಾಸ್ಟರ್ ಇದೆ, ಕಾಗದ ಕೊಳೆಯಾಗುತ್ತದೆ ಎಂದು ದೂರದಿಂದಲೇ ಹೇಳಿಕೊಟ್ಟರು.

ಕಚೇರಿ ದೊಡ್ಡ ಹಜಾರ. ಸಾಲಾಗಿ ಕಬ್ಬಿಣದ ಕುರ್ಚಿಗಳು, ಮುಂದೆ ಗಾಜು ಹಾಕಿದ ಆರು ಕೌಂಟರು. ನನ್ನ ನಂಬರ್ ಕೂಗಿದ್ದು ನಾಲ್ಕನೆಯದರಲ್ಲಿ. ಗಾಜಿನ ಆಚೆ ಒಬ್ಬ ಮೇಡಂ ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಳ್ಳುತ್ತಿದ್ದರು.

“ಏನಮ್ಮಾ, ಎರಡೆರಡು ಸಲ ಕೇಳಿದ್ದೀರಲ್ಲ?” ಎಂದರು.

“ನಾನು ಒಂದೇ ಸಲ...”

“ಏನು? ಗಾಜಿನ ಈ ಕಡೆಗೂ ಕೇಳಿಸ್ಬೇಕು.”

“ಒಂದೇ ಸಲ ಕೇಳಿದ್ದು, ಮೇಡಂ.”

ಅವರು ಕಂಪ್ಯೂಟರ್ ನೋಡಿದರು. ಮುಖ ಸ್ವಲ್ಪ ಮೆತ್ತಗಾಯಿತು. “ಇರ್ಲಿ. ನಿಮ್ಮ ಯಜಮಾನರು ಈಗ ಹೇಗಿದ್ದಾರೆ? ಎದ್ದು ಓಡಾಡ್ತಾರಾ?”

“ಯಾವ ಯಜಮಾನರು?”

“ನಿಮ್ಮ ಯಜಮಾನರಮ್ಮ. ಸೊಂಟದ ಸ್ವಾಧೀನ ಹೋಗಿ ಮಲಗಿದ್ದಾರೆ ಅಂತ ವಿನಾಯಿತಿ ತಗೊಂಡಿದ್ದೀರಿ. ಮಕ್ಕಳು ಬೇರೆ ಇಬ್ಬರು. ಚಿಕ್ಕದಕ್ಕೆ ಕಿವಿ ಕೇಳ್ಸಲ್ಲ.”

ಹಿಂದೆ ನಿಂತಿದ್ದ ಹೆಂಗಸು, “ಅಯ್ಯೋ ಪಾಪ! ಅಂಥ ಮಗೂನ ಯಾರ ಹತ್ರ ಬಿಟ್ಟು ಬಂದ್ರಿ?” ಎಂದು ನನ್ನ ತೋಳು ಹಿಡಿದುಕೊಂಡರು.

ಭಾವ, ನಾನು ಗಟ್ಟಿಯಾಗಿ ಮಾತಾಡಿದ್ದನ್ನು ನೀವು ಕೇಳಿಲ್ಲ. ನಾನೂ ಕೇಳಿರಲಿಲ್ಲ. “ನನಗೆ ಮದುವೇನೇ ಆಗಿಲ್ಲ!” ಎಂದೆ. ಆರು ಕೌಂಟರುಗಳೂ ನಿಂತವು. ಅಷ್ಟು ಜನರ ಮುಂದೆ ನನ್ನ ಮದುವೆಯ ಸುದ್ದಿ ನಾನೇ ಸಾರಿದ ಹಾಗಾಯಿತು.

ಮೇಡಂ ಟೀ ಕೆಳಗಿಟ್ಟರು. “ಹಾಗಾದ್ರೆ ಈ ಗಂಡ ಎಲ್ಲಿಂದ ಬಂದ?”

“ನನಗೂ ಅದೇ ಗೊತ್ತಾಗ್ಬೇಕು.”

ಆಮೇಲೆ ಅವರು ಒಳಗೆ ಕರೆದು ಕೂರಿಸಿದರು. ಬರೀ ನನ್ನದು ವಾಪಸ್ ತೆಗೆದುಕೊಂಡಿದ್ದರೆ ಸಣ್ಣ ಕಳ್ಳತನ. ಇಲ್ಲದ ಗಂಡ, ಇಲ್ಲದ ಮಕ್ಕಳನ್ನು ತೋರಿಸಿ ನನಗೆ ಬರಬೇಕಾದದ್ದರ ಮೂರರಷ್ಟು ಕೇಳಿ ಪಡೆದಿದ್ದಾರೆ. ದುಡ್ಡು ನನ್ನ ಹೆಸರಿನಲ್ಲಿ ತೆರೆದ ಯಾವುದೋ ಖಾತೆಗೆ ಹೋಗಿ ಅದೇ ವಾರ ಖಾಲಿಯಾಗಿದೆ. ಅಂಚೆಯಲ್ಲಿ ಪತ್ರ ಬೇಡ, ಫೋನಿಗೆ ಸಂದೇಶ ಸಾಕು ಎಂದು ಗುರುತು ಹಾಕಿದ್ದಾರೆ. ಆ ಫೋನ್ ನಂಬರ್ ಈಗ ಚಾಲ್ತಿಯಲ್ಲಿಲ್ಲ. ತನಿಖೆಗೆ ಒಂದು ವರ್ಷ ಬೇಕಂತೆ. “ನಿಮಗೆ ಯಾರ ಮೇಲಾದ್ರೂ ಅನುಮಾನ ಇದ್ದು, ಕೈಯಲ್ಲಿ ಆಧಾರ ಇದ್ರೆ ಹೇಳಿ. ಆಗ ನಿಮ್ಮ ಮೇಲಿನ ತಕರಾರು ಬೇಗ ತೆಗೀಬಹುದು. ಇಲ್ದಿದ್ರೆ ಕಾಯ್ಬೇಕಾಗತ್ತೆ” ಎಂದರು. ಜೂನ್ ಹದಿನೈದು ಒಂದು ವರ್ಷ ಕಾಯುವುದಿಲ್ಲ.

ಕಳ್ಳ ಹಾಕಿದ ಫಾರಮಿನ ನಕಲು ಕೊಟ್ಟರು. ನನ್ನ ಹೆಸರಿನದೇ ಆದ್ದರಿಂದ ನೋಡುವ ಹಕ್ಕು ನನಗಿದೆಯಂತೆ. ಬಸ್ಸಿನಲ್ಲಿ ಕುಳಿತು ನಾಲ್ಕು ಸಲ ಓದಿದೆ. ನಾಲ್ಕನೆಯ ಸಲ ಓದುವಾಗ ನಾನು ಇಳಿಯುವ ಸ್ಟಾಪು ದಾಟಿ ಹೋಯಿತು.

ನಿಮ್ಮ ನಾದಿನಿ


ಮೇ 6

ಮೂಗಿಗೆ,

ಶುಭಾಶಯ! ಕೊನೆಗೂ ನಿನಗೊಬ್ಬ ಗಂಡ ಸಿಕ್ಕನಲ್ಲ, ಕಾಗದದ ಮೇಲಾದರೂ. ಸೊಂಟ ಬಿದ್ದವನೇ ನಿನಗೆ ಸರಿಯಾದ ಜೋಡಿ. ಅವನು ಎದ್ದು ಬರುವ ಹಾಗಿಲ್ಲ, ನೀನು ಬಾಯಿ ಬಿಡುವ ಹಾಗಿಲ್ಲ, ಸಂಸಾರ ಸುಸೂತ್ರ. ಮೇಜಿನ ಹತ್ತಿರ ಬರುವ ನಾಲ್ಕು ಜನಕ್ಕೆ ಈ ಕಥೆ ಹೇಳಿದೆ. ಒಬ್ಬ ನಕ್ಕು ನಕ್ಕು ತನ್ನ ಅರ್ಜಿಯನ್ನೇ ಮರೆತು ಹೋದ.

ಬೇಡವೆಂದರೂ ಹೋದೆ. ಹೋದವಳು ಏನು ಸಾಧಿಸಿದೆ? ಒಂದು ಹಜಾರದ ತುಂಬ ಜನರ ಮುಂದೆ ಮಾನ ಕಳೆದುಕೊಂಡೆ. ಸರ್ಕಾರದ ಕಚೇರಿ ಎಂದರೆ ನಿನಗೇನು ಗೊತ್ತು? ಅಲ್ಲಿ ನಿಜ ಹೇಳಿದವರು ಗೆಲ್ಲುವುದಿಲ್ಲ, ಕಾಲಂ ಸರಿಯಾಗಿ ತುಂಬಿದವರು ಗೆಲ್ಲುತ್ತಾರೆ.

ನಾನು ಒಂದು ಪತ್ರ ಬರೆದು ಇದರ ಜೊತೆ ಇಟ್ಟಿದ್ದೇನೆ. ‘ನಾನು ತಿಳಿಯದೆ ಎರಡನೆಯ ಸಲ ಫಾರಂ ಕಳಿಸಿದೆ. ಅದನ್ನು ಹಿಂತೆಗೆದುಕೊಳ್ಳುತ್ತೇನೆ. ಮೊದಲನೆಯದೇ ಸರಿ.’ ಕೆಳಗೆ ಸಹಿ ಹಾಕಿ ಕಳಿಸು, ಅಷ್ಟೇ. ಎರಡು ಫಾರಂ ಇರುವುದಕ್ಕೇ ತಾನೇ ತಕರಾರು? ಒಂದೇ ಉಳಿದರೆ ತಕರಾರು ಎಲ್ಲಿಂದ ಬಂತು? ಹದಿನೈದಕ್ಕೆ ಮೊದಲೇ ನಿನ್ನ ಪತ್ರ ಸಿಗುತ್ತದೆ. ಗಂಡ ಮಕ್ಕಳ ಚಿಂತೆ ಬಿಡು. ಲಕ್ಷಗಟ್ಟಲೆ ಫಾರಮಿನಲ್ಲಿ ನಿನ್ನ ಗಂಡನನ್ನು ಯಾರು ಹುಡುಕಿಕೊಂಡು ಬರುತ್ತಾರೆ?

ಆ ನಕಲನ್ನು ನನಗೆ ಕಳಿಸು. ನಿನ್ನ ಹತ್ತಿರ ಇದ್ದು ಪ್ರಯೋಜನವಿಲ್ಲ, ನೀನು ಇನ್ನೂ ಹತ್ತು ಸಲ ಓದಿದರೂ ಸ್ಟಾಪು ತಪ್ಪಿಸಿಕೊಳ್ಳುತ್ತೀಯೇ ಹೊರತು ಏನೂ ತಿಳಿಯುವುದಿಲ್ಲ. ಮತ್ತೆ, ಆ ಕಾಯಂ ಕೆಲಸವೆಂದು ಯಾಕಿಷ್ಟು ಒದ್ದಾಟ? ಮುದುಕರ ಹಲ್ಲು ತಿಕ್ಕುವುದನ್ನು ಕಾಯಂ ಮಾಡಿದರೆಷ್ಟು, ಬಿಟ್ಟರೆಷ್ಟು.

ನಿನ್ನ ಭಾವ


ಮೇ ೧೧

ಭಾವನವರಿಗೆ,

ನೀವು ಬರೆದುಕೊಟ್ಟ ಪತ್ರ ತಲುಪಿತು. ಸಹಿಯ ಕೆಳಗೆ ನನ್ನ ಪೂರ್ತಿ ವಿಳಾಸ ಬರೆಯಬೇಕಲ್ಲವೇ? ನಾನು ಬರೆದರೆ ತಪ್ಪಾಗುತ್ತದೆ. ನನ್ನ ವಿಳಾಸ ನಿಮ್ಮ ಹತ್ತಿರ ಹೇಗಿದೆಯೋ ಹಾಗೆಯೇ ನಿಮ್ಮ ಕೈಯಲ್ಲೇ ಬರೆದು ಕಳಿಸಿ. ನೋಡಿಕೊಂಡು ಬರೆಯುತ್ತೇನೆ.

ನಿಮ್ಮ ನಾದಿನಿ


ಮೇ 16

ಮೂಗಿಗೆ,

ಎರಡು ವರ್ಷದಿಂದ ವಾಸವಿರುವ ಮನೆಯ ವಿಳಾಸವನ್ನೂ ನಾನೇ ಹೇಳಿಕೊಡಬೇಕೇ? ನಾಳೆ ನಿನ್ನ ಹೆಸರೇನೆಂದು ಕೇಳಿ ಕಾಗದ ಬರೆದರೂ ನನಗೆ ಆಶ್ಚರ್ಯವಿಲ್ಲ. ಬರೆದುಕೋ:

26, ಮೇಲಿನ ಮಹಡಿ, ಹಿಂದಿನ ಮೆಟ್ಟಿಲು, ಆಸ್ಪತ್ರೆ ಹಿಂಭಾಗದ ರಸ್ತೆ.

ಇದನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೋ. ಸಹಿ ಹಾಕಿ ತಡಮಾಡದೆ ಅಂಚೆಗೆ ಹಾಕು. ನಕಲು ಇನ್ನೂ ಬಂದಿಲ್ಲ.

ನಿನ್ನ ಭಾವ


ಮೇ ೨೨

ಭಾವನವರಿಗೆ,

ಗೋಡೆಗೆ ಅಂಟಿಸಿಕೊಂಡಿಲ್ಲ. ಜೋಪಾನವಾಗಿ ಎತ್ತಿಟ್ಟಿದ್ದೇನೆ.

ನನ್ನ ಮನೆಯ ನಂಬರ್ ೨೯. ಇಪ್ಪತ್ತೊಂಬತ್ತು. ಇಪ್ಪತ್ತಾರರಲ್ಲಿ ಯಾರೂ ವಾಸವಿಲ್ಲ, ಅದು ಹಳೆಯ ಟಯರ್ ತುಂಬಿಡುವ ಗೋದಾಮು. ಈ ಮನೆಗೆ ಬಂದ ವಾರ ನಿಮಗೆ ವಿಳಾಸ ಬರೆದು ಕಳಿಸಿದೆನಲ್ಲ, ಆಗ ೯ರ ಬಾಲ ಆ ಕಡೆಗೆ ಎಳೆಯುವ ಬದಲು ಈ ಕಡೆಗೆ ಎಳೆದುಬಿಟ್ಟೆ. ೬ ಆಯಿತು. ನೀವು ಅದನ್ನು ಹಾಗೆಯೇ 26 ಎಂದು ಬರೆದುಕೊಂಡಿರಿ. ಮೊದಲ ಕಾಗದ ಬಂದಾಗಲೇ ನನಗೆ ತಿಳಿಯಿತು. ತಪ್ಪು ನನ್ನದೇ, ಹೇಳಿದರೆ ಇನ್ನೊಂದು ಪುಟ ಬೈಗುಳ ಬರುತ್ತದೆಂದು ನಾಚಿಕೊಂಡು ಸುಮ್ಮನಾದೆ. ಹೇಗೂ ಅಂಚೆಯವನಿಗೆ ಗೊತ್ತು. ನಿಮ್ಮ ಕಾಗದ ಬಂದಾಗಲೆಲ್ಲ ಮೆಟ್ಟಿಲ ಕೆಳಗೆ ನಿಂತು, “ಟಯರಮ್ಮನೋರೇ, ಕಾಗದ!” ಎಂದು ಕೂಗುತ್ತಾನೆ. ಅವನ ನಗುವಿನ ಕಾರಣ ಇದು.

ಆಸ್ಪತ್ರೆಯ ಕಡತದಲ್ಲಿ ನನ್ನ ಮನೆ ೨೯. ಬಾಡಿಗೆ ಕರಾರಿನಲ್ಲಿ ೨೯. ಅಚ್ಚಿನಜ್ಜನ ಮುಂದೆ ಕುಳಿತು ತುಂಬಿದ ನನ್ನ ಫಾರಮಿನಲ್ಲಿಯೂ ೨೯. ಈ ಪ್ರಪಂಚದಲ್ಲಿ ನನ್ನನ್ನು ೨೬ರಲ್ಲಿ ಕೂರಿಸಿದವರು ಇಬ್ಬರೇ. ಒಬ್ಬರು ನೀವು. ಇನ್ನೊಬ್ಬರು ಫೆಬ್ರವರಿಯಲ್ಲಿ ನನ್ನ ಹೆಸರಿನಲ್ಲಿ ಫಾರಂ ಹಾಕಿದವರು. ‘26, ಮೇಲಿನ ಮಹಡಿ, ಹಿಂದಿನ ಮೆಟ್ಟಿಲು.’ ಕೌಂಟರಿನ ಮೇಡಂ, “ನೋಡಿ, ಕಳ್ಳನಿಗೆ ನಿಮ್ಮ ಮನೆ ನಂಬರೂ ಸರಿಯಾಗಿ ಗೊತ್ತಿಲ್ಲ. ಯಾರೋ ಗುರುತಿಲ್ಲದವನೇ ಇರ್ಬೇಕು” ಎಂದರು. ನಾನು ಹೂಂ ಎಂದೆ. ಬಸ್ಸಿನಲ್ಲಿ ನಾಲ್ಕನೆಯ ಸಲ ಓದುವಾಗ ಆ ಅಂಕಿ ಕಣ್ಣಿಗೆ ಬಿತ್ತು.

ಆದರೂ ನಂಬಲಿಲ್ಲ. ಅದಕ್ಕೇ ವಿಳಾಸ ಕೇಳಿದೆ. ಈಚೆಗೆ ಎಲ್ಲಿಂದಲಾದರೂ ಸರಿಯಾದದ್ದು ತಿಳಿದುಕೊಂಡಿರಬಹುದು, 29 ಎಂದೇ ಬರೆಯಬಹುದು ಎಂದು ವಾರವಿಡೀ ಆಸೆಯಿಂದ ಕಾದೆ. ನೀವು ಬೈದುಕೊಂಡೇ 26 ಎಂದು ಬರೆದು ಕಳಿಸಿದಿರಿ.

ಎರಡು ವರ್ಷದಲ್ಲಿ ಹದಿನಾಲ್ಕು ಕಾಗದ ತಿದ್ದಿ ವಾಪಸ್ ಕಳಿಸಿದ್ದೀರಿ. ಒಂದು ಒತ್ತಕ್ಷರ, ಒಂದು ದೀರ್ಘ ಬಿಟ್ಟಿಲ್ಲ. ಆ ಮೊದಲನೆಯ ಕಾಗದವೂ ನನ್ನ ಹತ್ತಿರ ಇದೆ. ಸುತ್ತಲೂ ಕೆಂಪು, ನಡುವೆ ಆ ಒಂದು ೬ ಮಾತ್ರ ನಿಶ್ಚಿಂತೆಯಾಗಿ ಕುಳಿತಿದೆ. ನಿಮ್ಮ ಕೆಂಪು ಪೆನ್ನು ಇಷ್ಟು ದಡ್ಡ ಎಂದು ನನಗೆ ಗೊತ್ತಿರಲಿಲ್ಲ.

ನಿಮ್ಮ ಮೇಲೆ ಕೋಪವಿದೆಯೇ ಎಂದು ನನ್ನನ್ನೇ ಕೇಳಿಕೊಂಡೆ. ಇಲ್ಲ. ಕೋಪ ಮಾಡಿಕೊಳ್ಳಲು ಎದುರಿಗಿರುವವರು ಸ್ವಲ್ಪವಾದರೂ ದೊಡ್ಡವರಾಗಿರಬೇಕು. ನಾನು ನೋಡಿದ್ದು ಎಂಥವರನ್ನು? ಗಂಡನನ್ನು ಕೊಟ್ಟರು, ವಿನಾಯಿತಿ ಸಿಗುತ್ತದೆಂದು ಅವನ ಸೊಂಟ ಮುರಿದರು. ಮಗುವನ್ನು ಕೊಟ್ಟರು, ಇನ್ನಷ್ಟು ಸಿಗುತ್ತದೆಂದು ಅದರ ಕಿವಿ ತೆಗೆದರು. ಆಮೇಲೆ ಅದೇ ಕಥೆಯನ್ನು ಮೇಜಿನ ಮುಂದೆ ಹೇಳಿ ನಾಲ್ಕು ಜನರನ್ನು ನಗಿಸಿದರು. ಇಪ್ಪತ್ತೈದು ವರ್ಷ ಪ್ಲಾಸ್ಟರ್ ಕಲಸಿದ ಒಬ್ಬ ಮುದುಕರ ಮೇಲೆ ಕಳ್ಳತನ ಹೊರಿಸಿದರು. ಇಷ್ಟು ಸಣ್ಣ ಮನುಷ್ಯನ ಮುಂದೆ ನಾನು ಇಷ್ಟು ವರ್ಷ ತಲೆ ತಗ್ಗಿಸಿ ನಿಂತಿದ್ದೆನಲ್ಲ, ನಾಚಿಕೆಯಾಗುವುದು ಅದಕ್ಕೆ.

ಜೂನ್ ಐದರೊಳಗೆ ನೀವೇ ಹೋಗಿ ಬರೆದುಕೊಡಿ. ತಪ್ಪೊಪ್ಪಿಗೆಯ ಫಾರಂ ಕಚೇರಿಯಿಂದ ತಂದು ಇದರ ಜೊತೆ ಇಟ್ಟಿದ್ದೇನೆ. ಏಳು ಕಾಲಂ ಇವೆ. ನಿಮಗೆ ಕಷ್ಟವಾಗಲಾರದು.

ನಿಮ್ಮ ನಾದಿನಿ


ಮೇ 27

ಯಾರ ಜೊತೆ ಮಾತಾಡುತ್ತಿದ್ದೀಯ ಎಂಬ ಎಚ್ಚರವಿದೆಯಾ?

ಒಂದು ಅಂಕಿ ಹಿಡಿದುಕೊಂಡು ನನ್ನನ್ನು ಕಳ್ಳ ಎನ್ನುವಷ್ಟು ಬೆಳೆದೆಯಾ? 26 ಎಂದು ಯಾರು ಬೇಕಾದರೂ ಬರೆಯಬಹುದು. ನಿನ್ನ ಅಂಚೆಯವನು ಬರೆದಿರಬಹುದು. ಟಯರ್ ಗೋದಾಮಿನವನು ಬರೆದಿರಬಹುದು. ಈ ಊರಿನ ಅರ್ಧ ಜನರ ಫಾರಂ ನನ್ನ ಕೈಯಲ್ಲಿ ಹೋಗಿದೆ. ಒಬ್ಬರಾದರೂ ಬೆರಳು ತೋರಿಸಿಲ್ಲ. ನಾಲ್ಕನೇ ತರಗತಿ ದಾಟದವಳ ಮಾತನ್ನು ಅಲ್ಲಿ ಯಾರು ನಂಬುತ್ತಾರೆ? ನೀನು ಬಾಯಿ ಬಿಡುವಷ್ಟರಲ್ಲಿ ಅವರು ಊಟಕ್ಕೆ ಎದ್ದು ಹೋಗಿರುತ್ತಾರೆ.

ನಿನ್ನ ಅಕ್ಕನ ಬಗ್ಗೆ ಯೋಚಿಸಿದೆಯಾ? ಅವಳ ಮನೆ ಬೀದಿಗೆ ಬಂದರೆ ನಿನ್ನ ಕಾಯಂ ಕೆಲಸ ಅವಳನ್ನು ಸಾಕುತ್ತದೆಯೇ? ನಿನ್ನನ್ನು ಆರು ವರ್ಷ ಮನೆಯಲ್ಲಿಟ್ಟುಕೊಂಡು ಅನ್ನ ಹಾಕಿದವನು ನಾನು.

ನಿನ್ನ ಫಾರಂ ಹರಿದು ಹಾಕಿದ್ದೇನೆ. ನಾನು ಬರೆದ ಕಾಗದಗಳೆಲ್ಲ, ಲಕೋಟೆಗಳ ಸಮೇತ, ಈ ವಾರದೊಳಗೆ ನನ್ನ ಕೈಗೆ ಬರಬೇಕು.


ಜೂನ್ 9

ಪ್ರೀತಿಯ ತಂಗಿಗೆ,

ನನ್ನ ಹಿಂದಿನ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಸಿಟ್ಟಿನಲ್ಲಿ ಏನೋ ಬರೆದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ನಿನ್ನೆ ತೆರಿಗೆ ಕಚೇರಿಯಿಂದ ನೋಟಿಸು ಬಂತು. ಹದಿನೇಳಕ್ಕೆ ಬರಬೇಕಂತೆ, ಹಳೆಯ ಕಡತಗಳನ್ನೆಲ್ಲ ತರಬೇಕಂತೆ. ಜೆರಾಕ್ಸ್ ಅಂಗಡಿಯವನು ಅದನ್ನು ನನ್ನ ಕೈಗೆ ಕೊಡುವ ಮೊದಲು ಓದಿದ್ದಾನೆ. ಇವತ್ತು ಬೆಳಗ್ಗೆ ನೋಡಿದರೆ ನನ್ನ ಮೇಜು ಅಂಗಡಿಯ ಹಿಂದೆ, ಹಳೆ ರಟ್ಟಿನ ಪೆಟ್ಟಿಗೆಗಳ ಪಕ್ಕ ಇತ್ತು.

ಆದದ್ದು ಆಗಿಹೋಯಿತು. ಬಿಚ್ಚಿ ಹೇಳುತ್ತೇನೆ ಕೇಳು. ನಿನ್ನದನ್ನು ಕಸಿದುಕೊಳ್ಳಬೇಕೆಂದು ನಾನು ಮಾಡಲಿಲ್ಲ. ನೀನು ಯಾವತ್ತೂ ಕೇಳುವವಳಲ್ಲ ಎಂದುಕೊಂಡೆ. ಕೇಳದೆ ಬಿಟ್ಟದ್ದು ಅಲ್ಲೇ ಕೊಳೆಯುತ್ತಿತ್ತು, ಯಾರಿಗೂ ನಷ್ಟವಿರಲಿಲ್ಲ. ನೀನು ಒಂದು ದಿನ ಪೆನ್ನು ಹಿಡಿದು ಕೂರುತ್ತೀಯ ಎಂದು ನನಗೆ ಹೇಗೆ ತಿಳಿಯಬೇಕು? ಗಂಡ, ಮಕ್ಕಳು ಎಲ್ಲ ಕೈ ಅಭ್ಯಾಸ. ಕಾಲಂ ಖಾಲಿ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ.

ಈಗ ನೀನು ಒಂದೇ ಒಂದು ವಾಕ್ಯ ಬರೆದುಕೊಟ್ಟರೆ ಸಾಕು. ‘ನನ್ನ ಒಪ್ಪಿಗೆಯಿಂದಲೇ ಅವರು ನನ್ನ ಫಾರಂ ತುಂಬಿದರು.’ ಇಷ್ಟೇ. ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ. ದಯವಿಟ್ಟು ಹದಿನೇಳಕ್ಕೆ ಮೊದಲು ಕಳಿಸು. ಅಕ್ಕನಿಗೆ ಈ ವಿಷಯ ಗೊತ್ತಿಲ್ಲ, ಗೊತ್ತಾಗುವುದು ಬೇಡ. ಪಾಪ, ಅವಳಿಗೆ ತಡೆದುಕೊಳ್ಳಲಾಗುವುದಿಲ್ಲ.

ಕಾಗದದಲ್ಲಿ ತಪ್ಪಿದ್ದರೂ ಪರವಾಗಿಲ್ಲ.

ನಿನ್ನ ಭಾವ


ಜೂನ್ ೨೦

ಭಾವನವರಿಗೆ,

ನೀವು ಹದಿನೇಳಕ್ಕೆ ಕಚೇರಿಗೆ ಹೋಗಲಿಲ್ಲವೆಂದು ಮೇಡಂ ಹೇಳಿದರು. ನನ್ನ ಒಂದು ವಾಕ್ಯಕ್ಕಾಗಿ ಕಾಯುತ್ತಿದ್ದಿರೇನೋ. ಆ ವಾಕ್ಯ ಬರೆದರೆ ಏನಾಗುತ್ತದೆಂದು ಅವರನ್ನೇ ಕೇಳಿದೆ. ಒಪ್ಪಿಗೆ ನನ್ನದೆಂದರೆ ಸುಳ್ಳೂ ನನ್ನದಾಗುತ್ತದೆ. ಸೊಂಟವಿಲ್ಲದ ಗಂಡ ಕಾನೂನಿನ ಪ್ರಕಾರ ನನ್ನ ತಲೆಗೆ ಬರುತ್ತಾನೆ, ದಂಡ ನಾನು ಕಟ್ಟಬೇಕು, ಕೆಲಸ ಹೋಗುತ್ತದೆ. ಇದು ನಿಮಗೆ ಗೊತ್ತಿರಲಿಲ್ಲ ಎಂದು ಹೇಳಬೇಡಿ. ಇಪ್ಪತ್ತೆರಡು ವರ್ಷದ ಮೇಜು ನಿಮ್ಮದು. ಪ್ರೀತಿಯ ತಂಗಿ ಎಂದು ಶುರುಮಾಡಿ, ಆ ತಂಗಿಯನ್ನೇ ಹಳ್ಳಕ್ಕೆ ತಳ್ಳಲು ನಿಮಗೆ ಒಂದು ಹಾಳೆ ಪೂರ್ತಿ ಬೇಕಾಗಲಿಲ್ಲ.

ಐದನೇ ತಾರೀಖಿನವರೆಗೆ ಕಾಯಬೇಕೆಂದಿದ್ದೆ. ನಿಮ್ಮ ಇಪ್ಪತ್ತೇಳರ ಕಾಗದ ಬಂದ ಮೇಲೆ ಕಾಯಲು ಏನೂ ಉಳಿಯಲಿಲ್ಲ. ಮರುದಿನವೇ ಕಚೇರಿಗೆ ಹೋಗಿ ಹದಿನಾಲ್ಕು ಲಕೋಟೆ, ಆ ಕೆಂಪು ತಿದ್ದಿದ ಮೊದಲ ಕಾಗದ, ವಿಳಾಸ ಬರೆದ ಚೀಟಿ ಎಲ್ಲವನ್ನೂ ಮೇಜಿನ ಮೇಲಿಟ್ಟೆ. ಇಪ್ಪತ್ತೇಳರ ಲಕೋಟೆಯನ್ನೂ ಕೊಟ್ಟೆ. ಅದರ ಮೇಲೆ ಮೊದಲ ಸಲ 29 ಎಂದು ಬರೆದಿದ್ದಿರಿ. ಮೇಡಂ ಅದನ್ನೇ ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಿದರು.

“ಹೇಳಿ. ಅವರಿಗೂ ನಿಮಗೂ ಏನು ಸಂಬಂಧ?” ಎಂದರು.

“ಅಕ್ಕನ ಗಂಡ.”

ಅವರ ಪೆನ್ನು ನಿಂತಿತು. “ಯೋಚ್ನೆ ಮಾಡಿದ್ದೀರಾ? ಒಂದ್ಸಲ ಬರೆದ್ರೆ ಅಳ್ಸೋಕಾಗಲ್ಲ.”

“ಬರೀರಿ ಮೇಡಂ.”

ಹೇಳುವುದು ಸುಲಭವಿರಲಿಲ್ಲ. ಅದನ್ನು ನಿಮ್ಮಿಂದ ಮುಚ್ಚಿಡಬೇಕಾದ್ದಿಲ್ಲ. ಅಕ್ಕನ ಮುಖವೇ ಕಣ್ಣ ಮುಂದಿತ್ತು. ಆರು ವರ್ಷ ಅನ್ನ ಹಾಕಿದೆ ಎಂದು ಬರೆದಿರಿ. ಅನ್ನ ಬೇಯಿಸಿ, ತಟ್ಟೆಗೆ ಹಾಕಿ, ನಾನು ಉಣ್ಣುವವರೆಗೆ ಪಕ್ಕದಲ್ಲಿ ಕೂರುತ್ತಿದ್ದವಳು ಅವಳು. ಅದಕ್ಕೂ ನಿಮ್ಮ ಹೆಸರು ಹಾಕಿಕೊಳ್ಳುತ್ತೀರಲ್ಲ.

ಹದಿಮೂರಕ್ಕೆ ತಕರಾರಿಲ್ಲದ ಪತ್ರ ಕೈಗೆ ಬಂತು. ನಿನ್ನೆ ಕಾಯಂ ಆದೇಶ ಬಂತು. ಅಚ್ಚಿನಜ್ಜ ಗೋಡೆ ಕಡೆಗೆ ತಿರುಗಿದ್ದ ನನ್ನ ಮೇಜನ್ನು ಕಿಟಕಿಯ ಹತ್ತಿರ ಎಳೆಸಿದರು.

ಇವತ್ತು ಮಧ್ಯಾಹ್ನ ನಾನೇ ಅಕ್ಕನಿಗೆ ಫೋನು ಮಾಡಿದೆ. ನೀವು ಹೊರಗೆ ಹೋಗಿರುವ ಹೊತ್ತು ನೋಡಿ ಮಾಡಿದೆ. ಎಲ್ಲ ಹೇಳಿದೆ. ಗಂಡ, ಮಕ್ಕಳು, ಇಪ್ಪತ್ತಾರು, ನೋಟಿಸು, ಒಂದೂ ಬಿಡಲಿಲ್ಲ. ಆ ಕಡೆಯಿಂದ ಸದ್ದೇ ಇಲ್ಲ. ಅಳುತ್ತಿದ್ದಾಳೆಂದುಕೊಂಡೆ. ನನ್ನ ಮೇಲೆ ಸಿಟ್ಟಾಗಿದ್ದಾಳೆ, ಇನ್ನು ನನಗೆ ಅಕ್ಕ ಇಲ್ಲ ಎಂದುಕೊಂಡೆ.

“ಅಕ್ಕಾ, ಇದ್ದೀಯಾ?”

“ಇರು, ಒಲೆ ಆರಿಸಿ ಬರ್ತೀನಿ” ಎಂದಳು. ಹೋಗಿ ಬಂದಳು. ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು. “ಆ ಫಾರಂ ಹಾಕೋಕೆ ಒಂದು ನಂಬರ್ ಬೇಕು ಅಂದೆಯಲ್ಲ, ಅದು ನನಗೂ ಇದೆ ಕಣೇ. ಮದುವೆಯಾದ ವರ್ಷ ಇವರೇ ಮಾಡಿಸ್ಕೊಟ್ರು. ಆಮೇಲಿಂದ ವರ್ಷಕ್ಕೊಂದ್ಸಲ ಎಲ್ಲೆಲ್ಲೋ ಸಹಿ ಹಾಕಿಸ್ಕೊತಾರೆ.”

“ಏನು ಅಂತ ಕೇಳ್ಲಿಲ್ವಾ?”

“ಕೇಳಿದ್ರೆ, ನಿನಗೆ ಅರ್ಥ ಆಗಲ್ಲ ಬಿಡು ಅಂತಿದ್ರು.” ಆಮೇಲೆ ಅವಳೇ ಕೇಳಿದಳು. “ಅದರಲ್ಲಿ ಏನೇನಿದೆ ಅಂತ ನೋಡೋಕೆ ನೀನು ಹೋದ್ರೆ ಸಾಕಾ, ನಾನೇ ಬರ್ಬೇಕಾ?”

“ನೀನೇ ಬರ್ಬೇಕು.”

“ಬಸ್ಸು ಎಷ್ಟು ಹೊತ್ತಿಗೆ?” ಎಂದಳು.

ಸೋಮವಾರ ಬೆಳಗ್ಗೆ ಇಲ್ಲಿಗೆ ಬರುತ್ತಾಳೆ. ಹತ್ತು ಗಂಟೆಗೆ ನಾವಿಬ್ಬರೂ ನಾಲ್ಕನೆಯ ಕೌಂಟರಿನ ಮುಂದೆ ಇರುತ್ತೇವೆ. ಅವಳ ಹೆಸರಿನಲ್ಲಿ ಇಷ್ಟು ವರ್ಷ ಏನೇನು ಬರೆದಿದ್ದೀರೆಂದು ಈಗಲೇ ಅವಳಿಗೆ ಹೇಳಿಬಿಟ್ಟರೆ ಒಳ್ಳೆಯದು. ಸಾಲು ಉದ್ದ ಇರುತ್ತದೆ. ಅಕ್ಕನಿಗೆ ತುಂಬ ಹೊತ್ತು ನಿಲ್ಲಲು ಆಗುವುದಿಲ್ಲ.